ಮಿಯಾಪುರದ ಅಡ್ಡಾದಲ್ಲಿ ಆಕಾಶ ನೋಡುವವರು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಹೈದರಾಬಾದಿನ ಮಿಯಾಪುರ ಚೌರಸ್ತಾದ ಒಂದು ಮೂಲೆಯಲ್ಲಿ ಇಪ್ಪತ್ತು ಮೂವತ್ತು ಜನ ಎರಡೂ ಕೈಗಳನ್ನು ಸೊಂಟಕ್ಕೆ ಒತ್ತಿ ನಿಂತು, ನಿಧಾನವಾಗಿ ಹಿಂದಕ್ಕೆ ಬಾಗಿ, ಆಕಾಶ ನೋಡುತ್ತಿದ್ದಾರೆ. ತಲೆಗೆ ಟವೆಲ್ ಸುತ್ತಿದ ಗಂಡಸರಿದ್ದಾರೆ. ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟ ಹೆಂಗಸರಿದ್ದಾರೆ. ಬುತ್ತಿಯ ಡಬ್ಬಿ, ಸಲಿಕೆ, ಕರಣೆಗಳು ಅವರವರ ಕಾಲ ಬಳಿ ಇವೆ. ದಾರಿಯಲ್ಲಿ ಹೋಗುತ್ತಿದ್ದ ಆಟೋದವನೊಬ್ಬ ಗಾಡಿ ನಿಲ್ಲಿಸಿ, ತಾನೂ ತಲೆ ಹೊರಗೆ ಹಾಕಿ ಮೇಲೆ ನೋಡುತ್ತಾನೆ. ಬೇಗಂಪೇಟೆಗೆ ಇಳಿಯುವ ವಿಮಾನವೂ ಇಲ್ಲ, ಗಾಳಿಪಟವೂ ಇಲ್ಲ.

"ಊಪರ್ ಕ್ಯಾ ಹೈ ಅಮ್ಮಾ?" ಮೇಲೇನಿದೆ ಎಂದು ಗುಂಪಿನ ಎದುರು ನಿಂತ ಹೆಂಗಸನ್ನು ಕೇಳುತ್ತಾನೆ.

"ಊಪರ್ ಕುಛ್ ನಹೀ ಭೈಯಾ. ಕಮರ್ ನೀಚೆ ಹೈ," ಎನ್ನುತ್ತಾರೆ ಆಕೆ, ಮೇಲೇನೂ ಇಲ್ಲ, ಸೊಂಟ ಇರುವುದು ಕೆಳಗೆ ಎಂದು ತಮ್ಮ ಸೊಂಟ ತಟ್ಟಿ ತೋರಿಸುತ್ತ. ಗುಂಪು ನಗುತ್ತದೆ. ಆಟೋದವನು ಕೆಳಗಿಳಿದು, ತಾನೂ ಒಮ್ಮೆ ಬಾಗಿ ನೋಡಿ, ಬೆನ್ನಿನಲ್ಲಿ ಏನೋ ಲಟ್ ಎಂದದ್ದಕ್ಕೆ ಬೆರಗಾಗಿ ಹೊರಡುತ್ತಾನೆ.

ಆಕೆಯ ಹೆಸರು ಸುಮಂಗಲಾ. ವಯಸ್ಸು ಮೂವತ್ತನಾಲ್ಕು, ವೃತ್ತಿಯಲ್ಲಿ ಫಿಸಿಯೊಥೆರಪಿಸ್ಟ್. ಇಲ್ಲಿಂದ ಎರಡು ಬೀದಿ ಆಚೆ, ಅಪಾರ್ಟ್‌ಮೆಂಟ್ ಒಂದರ ನೆಲ ಅಂತಸ್ತಿನಲ್ಲಿ, ಔಷಧಿ ಅಂಗಡಿಗೂ ಇಸ್ತ್ರಿಯವನ ಗೂಡಿಗೂ ನಡುವೆ ಅವರ ಎರಡು ಕೋಣೆಯ ಕ್ಲಿನಿಕ್ ಇದೆ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮಾದಾಪುರ, ಗಚ್ಚಿಬೌಲಿಯ ಗಾಜಿನ ಕಟ್ಟಡಗಳಲ್ಲಿ ಕಂಪ್ಯೂಟರ್ ಮುಂದೆ ಕೂರುವವರು. ಈ ಕೂಲಿ ಅಡ್ಡಾದಲ್ಲಿ ಮೇಸ್ತ್ರಿಯ ಟೆಂಪೊಗೆ ಕಾಯುತ್ತ ನಿಂತವರು ಅಂಥ ಕಟ್ಟಡಗಳನ್ನು ಕಟ್ಟುವವರು. ಅವರು ದಿನವಿಡೀ ಕೂತು ಬಾಗುತ್ತಾರೆ, ಇವರು ದಿನವಿಡೀ ನಿಂತು ಬಾಗುತ್ತಾರೆ. ನೋವು ಮಾತ್ರ ಒಂದೇ ದಾರಿ ಹಿಡಿಯುತ್ತದೆ: ಸೊಂಟದಿಂದ ಪೃಷ್ಠಕ್ಕೆ, ತೊಡೆಯ ಹಿಂಭಾಗಕ್ಕೆ, ಮೀನಖಂಡಕ್ಕೆ, ಕೊನೆಗೆ ಪಾದಕ್ಕೆ. ವೈದ್ಯರು ಇದನ್ನು ಸಯಾಟಿಕಾ ಎನ್ನುತ್ತಾರೆ. ಗುಲ್ಬರ್ಗಾ ಕಡೆಯಿಂದ ಬಂದವರೇ ಹೆಚ್ಚಿರುವ ಈ ಅಡ್ಡಾದ ಕನ್ನಡದಲ್ಲಿ ಅದು "ಕಾಲಿನ ನರ ಜಗ್ಗೋದು".

ಇಷ್ಟು ಬೆಳಿಗ್ಗೆಯೇ ಏಕೆ ಎಂದರೆ, ಒಂದು ಕಾರಣ ಸರಳ. ಕ್ಲಿನಿಕ್ಕಿನ ಹೊತ್ತಿಗೆ ಬಂದರೆ ಇವರಿಗೆ ಅಂದಿನ ಕೆಲಸ ತಪ್ಪುತ್ತದೆ. ಅದಕ್ಕೆ ಕ್ಲಿನಿಕ್ಕೇ ಇಲ್ಲಿಗೆ ಬಂದಿದೆ. ಇನ್ನೊಂದು ಕಾರಣ ಬೆನ್ನಿನೊಳಗಿನದು. ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಯಂಥ ಬಿಲ್ಲೆಗಳಿರುತ್ತವೆ. ರಾತ್ರಿ ಮಲಗಿದಾಗ ಅವು ನೀರು ಹೀರಿ ಉಬ್ಬುತ್ತವೆ. ಹಾಗಾಗಿ ಬೆಳಿಗ್ಗೆ ಎದ್ದಾಗ ನಾವೆಲ್ಲರೂ ಸಂಜೆಗಿಂತ ತುಸು ಎತ್ತರವಿರುತ್ತೇವೆ. ಉಬ್ಬಿದ ಬಿಲ್ಲೆಯ ಮೇಲೆ ಮುಂದಕ್ಕೆ ಬಾಗಿ ಭಾರ ಎತ್ತಿದರೆ ಒಳಗಿನ ತಿರುಳು ಹಿಂದಕ್ಕೆ ಒತ್ತಿ, ಪಕ್ಕದಲ್ಲೇ ಹಾದುಹೋಗುವ ನರದ ಬೇರನ್ನು ತಾಕಬಹುದು. ದಿನದ ಮೊದಲ ಸಿಮೆಂಟ್ ಚೀಲ ಎತ್ತುವ ಮುಂಚೆ ಹತ್ತು ಸಲ ಹಿಂದಕ್ಕೆ ಬಾಗಿದರೆ ಎಲ್ಲ ಸರಿಹೋಗುತ್ತದೆ ಎಂದು ಸುಮಂಗಲಾ ಹೇಳುವುದಿಲ್ಲ. ಆಗುವ ಹಾನಿ ಕಡಿಮೆಯಾಗುತ್ತದೆ ಎನ್ನುತ್ತಾರೆ, ಅಷ್ಟೆ. ವಯಸ್ಸಾದ ಕೆಲವರಿಗೆ ಹಿಂದಕ್ಕೆ ಬಾಗಿದರೇ ನೋವು ಹೆಚ್ಚುತ್ತದೆ. ಅವರನ್ನು ಮೊದಲೇ ಪರೀಕ್ಷಿಸಿ, ಬೇರೆ ನಿಲ್ಲಿಸಿ, ಬೇರೆ ವ್ಯಾಯಾಮ ಕೊಡುತ್ತಾರೆ.

ಅಡ್ಡಾಕ್ಕೆ ಬಂದ ಕೂಡಲೇ ಅವರ ಕಣ್ಣು ಮೊದಲು ಹೋಗುವುದು ಚಪ್ಪಲಿಗಳ ಕಡೆಗೆ. ಯಾರ ಚಪ್ಪಲಿಯ ಒಂದು ಬದಿ ಮಾತ್ರ ಸವೆದಿದೆ, ಯಾರು ಒಂದು ಕಾಲಿನ ಮೇಲೆ ಭಾರ ಬಿಡದೆ ನಿಂತಿದ್ದಾರೆ ಎಂದು ನೋಡುತ್ತ ಸಾಲಿನುದ್ದಕ್ಕೆ ನಡೆಯುತ್ತಾರೆ. ಮುಂದಿನ ಸಾಲಿನಲ್ಲಿ ನಿಂತ ನಲವತ್ತೈದರ ಆಸುಪಾಸಿನ ಗಂಡಸಿನ ಎಡಗಾಲಿನ ಹವಾಯಿ ಚಪ್ಪಲಿಯನ್ನು ತೆಳು ಕಬ್ಬಿಣದ ತಂತಿಯಿಂದ ಹಿಮ್ಮಡಿಗೆ ಸುತ್ತಿ ಕಟ್ಟಲಾಗಿದೆ. ಇವರು ಬೂದೆಪ್ಪ. ಸ್ಲ್ಯಾಬಿಗೆ ಕಬ್ಬಿಣದ ಸರಳು ಕಟ್ಟುವ ಕೆಲಸದವರು. ಎರಡು ತಿಂಗಳಿಂದ ಸ್ಲ್ಯಾಬ್ ಹತ್ತಿಲ್ಲ. ಆದರೂ ದಿನಾ ಬೆಳಿಗ್ಗೆ ಇಲ್ಲಿಗೆ ಬಂದು, ಬಾಗಿ, ಟೆಂಪೊ ಹೋಗುವುದನ್ನು ನೋಡಿ, ಕೂಲಿಕಾರರು ವಾಸಿಸುವ ಕ್ಯಾಂಪಿಗೆ ಮರಳುತ್ತಾರೆ. ಬರುವ ಭಾನುವಾರ ಬೂದೆಪ್ಪನ ಪಾದವನ್ನು ಸುಮಂಗಲಾ ಪರೀಕ್ಷಿಸಲಿದ್ದಾರೆ. ಆ ಪರೀಕ್ಷೆಯಲ್ಲಿ ಹೆಬ್ಬೆರಳು ಎದ್ದರೆ ಕೆಲಸಕ್ಕೆ. ಏಳದಿದ್ದರೆ ಬೆನ್ನಿನ ಆಪರೇಶನ್ನಿಗೆ.

"ಭಾನುವಾರ ತಂತಿ ಬಿಚ್ಚೋಣೇನ್ರಿ ಅಕ್ಕಾರ?" ಎಂದು ಅವರು ಕೇಳುತ್ತಾರೆ.

"ನನ್ನ ಕೇಳಬ್ಯಾಡ ಬೂದಣ್ಣ, ನಿನ್ನ ಬೆರಳ ಕೇಳು," ಎನ್ನುತ್ತಾರೆ ಸುಮಂಗಲಾ.

ಈ ತಂತಿಯ ಕಥೆ ಹೇಳುವ ಮೊದಲು ಸುಮಂಗಲಾರ ಕಾಲಿನ ಕಥೆ ಹೇಳಬೇಕು.

ಗುಲ್ಬರ್ಗಾ ಜಿಲ್ಲೆಯ ಸುರಪುರ ತಾಲ್ಲೂಕಿನ ಸಣ್ಣ ಊರು ಅವರದು. ತಂದೆ ಶಾಲಾ ಮಾಸ್ತರರು. ಹೆರಿಗೆಯಲ್ಲಿ ಮಗುವಿನ ತಲೆಯ ಬದಲು ಕಾಲು ಮೊದಲು ಬಂತು. ಹಾಗೆ ಹುಟ್ಟಿದವರು ಬೆನ್ನಿಗೆ ಒದ್ದರೆ ಟೊಂಕದ ಉಳುಕು ಹೋಗುತ್ತದೆ ಎಂಬ ನಂಬಿಕೆ ಆ ಕಡೆಯ ಊರುಗಳಲ್ಲಿ ಇಂದಿಗೂ ಇದೆ.

"ನಮ್ಮವ್ವ ಸಾಯಾಕ ಬಿದ್ದಿದ್ಲಂತ್ರಿ. ಊರಿಗೆ ಮಾತ್ರ ಖುಷಿ ಸುದ್ದಿ. ಟೊಂಕಕ್ಕ ಒಬ್ಬ ಡಾಕ್ಟರು ಹುಟ್ಟಿದ್ಲು ಅಂತ ಸೂಲಗಿತ್ತಿ ಎಲ್ಲಾರಿಗೂ ಹೇಳಿಕೋತ ಹೋದ್ಲಂತ," ಎಂದು ಸುಮಂಗಲಾ ನಗುತ್ತಾರೆ.

ನಡೆಯಲು ಕಲಿತಾಗಿನಿಂದ ಅಮಾವಾಸ್ಯೆ ಬಂದರೆ ಮನೆಯ ಮುಂದೆ ಜನ. ನೋವಿದ್ದವರು ಅಂಗಳದಲ್ಲಿ ಬೋರಲು ಮಲಗಬೇಕು. ಹುಡುಗಿ ಎಡಗಾಲಿನಿಂದ ಮೂರು ಸಲ ಒದೆಯಬೇಕು. ಒದೆಸಿಕೊಂಡವರು ಹಿಂತಿರುಗಿ ನೋಡದೆ ಎದ್ದು ಹೋಗಬೇಕು. ಹೋಗುವ ಮುಂಚೆ ಹುಡುಗಿಯ ಕೈಗೆ ಒಂದು ಬೆಲ್ಲದ ಚೂರು. ಬೆಲ್ಲದ ಆಸೆಗೆ ತಾನು ಜೋರಾಗಿಯೇ ಒದೆಯುತ್ತಿದ್ದೆ ಎಂದು ಅವರು ಹೇಳುತ್ತಾರೆ. ಅಂಗಾಲಿಗೆ ತಾಗಿದ ಬೆನ್ನುಗಳು ಅವರಿಗೆ ಇಂದಿಗೂ ನೆನಪಿವೆ: ಕೆಲವು ಹಲಗೆಯಂತೆ, ಕೆಲವು ನಾದಿದ ಹಿಟ್ಟಿನಂತೆ, ಕೆಲವು ಒಂದೇ ಬದಿಗೆ ಬಿಗಿದುಕೊಂಡವು.

"ಒದ್ದ ಮ್ಯಾಗ ಕೆಲವ್ರು ನೆಟ್ಟಗ ನಡಕೊಂಡು ಹೋಗ್ತಿದ್ರು. ಕೆಲವ್ರು ಮುಂದಿನ ಅಮಾಸಿಗೆ ಮತ್ತ ಕುಂಟಿಕೋತ ಬರ್ತಿದ್ರು. ಇವ್ರಿಗ್ಯಾಕ ಹೋತು, ಅವ್ರಿಗ್ಯಾಕ ಹೋಗ್ಲಿಲ್ಲ? ಆವಾಗಿಂದ ಅದೊಂದು ತಲ್ಯಾಗ ಕುಂತಿತ್ರಿ."

ಉತ್ತರ ಸಿಕ್ಕಿದ್ದು ಗುಲ್ಬರ್ಗಾದ ಕಾಲೇಜಿನಲ್ಲಿ, ಫಿಸಿಯೊಥೆರಪಿ ಓದುವಾಗ. ಸಾಮಾನ್ಯ ಉಳುಕು ಯಾರೂ ಒದೆಯದಿದ್ದರೂ ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಜೊತೆಗೆ ಒದೆಸಿಕೊಳ್ಳಲು ಬೋರಲು ಮಲಗಲೇಬೇಕಿತ್ತು. ಬಿಲ್ಲೆ ಹಿಂದಕ್ಕೆ ಸರಿದವರಲ್ಲಿ ಹಲವರಿಗೆ ಹಾಗೆ ಮಲಗುವುದೇ ಅರ್ಧ ಚಿಕಿತ್ಸೆ. ಆದರೆ ನರ ಸಿಕ್ಕಿಕೊಂಡ ಬೆನ್ನಿಗೆ ಬೀಳುವ ಒದೆ ಅಪಾಯ. ಇದು ತಿಳಿದ ವರ್ಷ ರಜೆಗೆ ಊರಿಗೆ ಹೋದಾಗ ಅವರು ಒದೆಯುವುದನ್ನು ನಿಲ್ಲಿಸಿದರು. ಊರು ಬೇಸರಪಟ್ಟುಕೊಂಡಿತು. ಓದಿದ ಮೇಲೆ ಮಾಸ್ತರ ಮಗಳಿಗೆ ಸೊಕ್ಕು ಬಂದಿದೆ ಎಂದರು.

ಹೈದರಾಬಾದಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಫಿಸಿಯೊಥೆರಪಿ ವಿಭಾಗ ನೆಲಮಾಳಿಗೆಯಲ್ಲಿ, ಎಕ್ಸ್‌ರೇ ಕೋಣೆಯ ಹಿಂದೆ. ಹಗಲೆಲ್ಲ ಟ್ಯೂಬ್‌ಲೈಟ್. ಬಂದವರು ಅವರನ್ನು ಕರೆಯುತ್ತಿದ್ದದ್ದು "ಮಾಲಿಶ್‌ವಾಲಿ ಅಮ್ಮಾ" ಎಂದು. ವರ್ಷಗಟ್ಟಲೆ ಬೆನ್ನು ಒತ್ತಿ ಬಲಗೈ ಹೆಬ್ಬೆರಳಿನ ಬುಡ ಊದಿತು. ಇಂದಿಗೂ ಅವರು ಚಪಾತಿ ಹಿಟ್ಟು ನಾದುವುದಿಲ್ಲ, ಆ ಕೆಲಸ ಗಂಡ ನರಹರಿಯವರದು. ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬರುವ ನರಹರಿ, ಅಡ್ಡಾದ ಪಕ್ಕ ಸ್ಕೂಟರ್ ನಿಲ್ಲಿಸಿ ಚಹದ ಫ್ಲಾಸ್ಕ್ ಹಿಡಿದು ಕಾಯುತ್ತಾರೆ. ಮದುವೆಯಾದ ಹೊಸತರಲ್ಲಿ ತಮ್ಮ ತಾಯಿ ಸೊಸೆಯ ಎಡಗಾಲು ಕಂಡರೆ ಹೆದರುತ್ತಿದ್ದರು, ಈಗ ಮೊಣಕಾಲು ನೋವೆಂದರೆ ಆ ಸೊಸೆಯನ್ನೇ ಕರೆಯುತ್ತಾರೆ ಎಂದು ಅವರು ನಗುತ್ತಾರೆ.

ಮಿಯಾಪುರದಲ್ಲಿ ಸ್ವಂತ ಕ್ಲಿನಿಕ್ ತೆರೆದಾಗ ಮೊದಲು ಬಂದವರು ಸಾಫ್ಟ್‌ವೇರ್‌ನವರು. ಅವರಲ್ಲಿ ಮೈಸೂರಿನ ತಾರಾ ಒಬ್ಬರು. ಮಾದಾಪುರದ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಅಮೆರಿಕದ ಹಗಲಿಗೆ ಹೊಂದಿಕೊಂಡ ಪಾಳಿ. ಕುರ್ಚಿಯಿಂದ ಏಳದೆ ಗಂಟೆಗಟ್ಟಲೆ ಕೂರುವ ಅಭ್ಯಾಸ. ತಾರಾರಿಂದ ಸುಮಂಗಲಾ ಮೊದಲು ಮಾಡಿಸಿದ್ದು ಮೇಜಿನ ಮೇಲಿದ್ದ ದೊಡ್ಡ ನೀರಿನ ಬಾಟಲಿಯನ್ನು ಮನೆಗೆ ಕಳಿಸುವ ಕೆಲಸ. ಅದರ ಬದಲು ಒಂದು ಪುಟ್ಟ ಸ್ಟೀಲ್ ಲೋಟ. ನೀರು ಬೇಕೆಂದಾಗಲೆಲ್ಲ ಎದ್ದು ಹೋಗಿ ತುಂಬಿಸಿಕೊಂಡು ಬರಬೇಕು. "ನಾನು ಏನೋ ವ್ರತ ಹಿಡಿದು ತೀರ್ಥ ಕುಡೀತಿದೀನಿ ಅಂದ್ಕೊಂಡಿದಾರೆ ನಮ್ಮ ಟೀಮ್‌ನವರು," ಎನ್ನುತ್ತಾರೆ ತಾರಾ.

ಚಿಕಿತ್ಸೆಯ ಮುಖ್ಯ ಭಾಗ ನೋಡಲು ಸಪ್ಪೆ. ಬೋರಲು ಮಲಗಿ, ಸೊಂಟವನ್ನು ನೆಲಕ್ಕೆ ಬಿಟ್ಟು, ಅಂಗೈಗಳ ಮೇಲೆ ಎದೆಯನ್ನಷ್ಟೇ ಎತ್ತಬೇಕು. ಇಳಿಸಬೇಕು. ಮತ್ತೆ ಎತ್ತಬೇಕು. ದಿನಕ್ಕೆ ಹಲವು ಸಲ, ವಾರಗಟ್ಟಲೆ. ಸರಿಯಾದ ಬೆನ್ನಿಗೆ ಈ ವ್ಯಾಯಾಮ ಸಿಕ್ಕರೆ ಒಂದು ವಿಚಿತ್ರ ನಡೆಯುತ್ತದೆ. ನೋವು ಎಲ್ಲ ಕಡೆಯೂ ಒಟ್ಟಿಗೆ ಕಡಿಮೆಯಾಗುವುದಿಲ್ಲ. ಮೊದಲು ಪಾದ ಬಿಡುತ್ತದೆ, ಆಮೇಲೆ ಮೀನಖಂಡ, ಆಮೇಲೆ ತೊಡೆ. ನೋವು ಬಂದ ದಾರಿಯಲ್ಲೇ ಮೇಲಕ್ಕೆ ಸರಿದು ಸೊಂಟದಲ್ಲಿ ಗುಡ್ಡೆ ಬೀಳುತ್ತದೆ. ಅಲ್ಲಿ ಕೆಲವು ದಿನ ಮೊದಲಿಗಿಂತ ಹೆಚ್ಚೇ ನೋಯುತ್ತದೆ. ಚಿಕಿತ್ಸೆ ಫಲಿಸುತ್ತಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಲಕ್ಷಣವಿಲ್ಲ. ಜನ ಚಿಕಿತ್ಸೆ ಬಿಟ್ಟು ಓಡಿಹೋಗುವುದೂ ಸರಿಯಾಗಿ ಇಲ್ಲಿಯೇ. ತಾರಾ ಕೂಡ ಎರಡು ವಾರ ನಾಪತ್ತೆಯಾಗಿದ್ದರು.

"ಕಾಲು ಕಮ್ಮಿ ಆಯ್ತು, ಬೆನ್ನು ಜಾಸ್ತಿ ಆಯ್ತು. ಮೊದಲೇ ಹೇಳಿದ್ರು, ನಾನೂ ತಲೆ ಆಡಿಸಿದ್ದೆ. ಆದ್ರೂ ರಾತ್ರಿ ಬೆನ್ನು ಹಿಡ್ಕೊಂಡಾಗ ಭಯ ಆಗದೆ ಇರುತ್ತಾ?" ಎನ್ನುತ್ತಾರೆ ಅವರು. ಅವರ ಅದೃಷ್ಟಕ್ಕೆ, ಓಡಿಹೋಗಿ ಮಾಡಿದ್ದು ಮನೆಯಲ್ಲಿ ಮಲಗಿದ್ದಷ್ಟೆ.

ಬೂದೆಪ್ಪ ಹೋದದ್ದು ಬೇರೆ ಕಡೆಗೆ.

ಸರಳು ಕಟ್ಟುವವರ ಕೆಲಸ ನೋಡಿದವರಿಗೆ ಗೊತ್ತು. ಹಾಸಿದ ಸರಳುಗಳು ಅಡ್ಡ ಉದ್ದ ಕೂಡುವ ಪ್ರತಿ ಜಾಗದಲ್ಲೂ ತೆಳು ತಂತಿ ಸುತ್ತಿ ಬಿಗಿಯಬೇಕು. ಬಾಗಿದ ಬೆನ್ನು ಊಟದ ಹೊತ್ತಿನವರೆಗೆ ನೆಟ್ಟಗಾಗುವುದಿಲ್ಲ. ಬೂದೆಪ್ಪನ ಎಡಗಾಲು ಕಳೆದ ಚಳಿಗಾಲದಲ್ಲಿ ಜಗ್ಗತೊಡಗಿತು. ಸ್ವಲ್ಪ ದಿನದಲ್ಲಿ ಎಡಗಾಲಿನ ಚಪ್ಪಲಿ ನಡೆಯುವಾಗ ತಾನಾಗಿ ಕಳಚಿ ಹಿಂದೆ ಉಳಿಯತೊಡಗಿತು. ಚಪ್ಪಲಿಯ ಬಾರು ಸಡಿಲಾಗಿದೆ ಎಂದುಕೊಂಡು ಹೊಸ ಜೋಡಿ ತಂದರು. ಅದೂ ಕಳಚಿತು. ಅಂಗಡಿಯವನನ್ನು ಬೈದು, ಕೈಯಲ್ಲಿದ್ದ ಸರಳು ಕಟ್ಟುವ ತಂತಿಯಿಂದಲೇ ಚಪ್ಪಲಿಯನ್ನು ಹಿಮ್ಮಡಿಗೆ ಬಿಗಿದರು. ಸಡಿಲಾಗಿದ್ದದ್ದು ಬಾರಲ್ಲ, ಹೆಬ್ಬೆರಳು. ಅದನ್ನು ಮೇಲೆತ್ತುವ ನರ ಸೊಂಟದಲ್ಲಿ ಸಿಕ್ಕಿಕೊಂಡಿತ್ತು.

ಅವರ ಹೆಂಡತಿ ಸಾಬಮ್ಮನ ತವರು ಸುಮಂಗಲಾರ ಊರೇ. ತಮ್ಮ ಅಪ್ಪನ ಬೆನ್ನಿಗೆ ಸಣ್ಣ ಸುಮಂಗಲಾ ಒದ್ದದ್ದನ್ನು, ಅಪ್ಪ ಎದ್ದು ಹೊಲಕ್ಕೆ ಹೋದದ್ದನ್ನು ಸಾಬಮ್ಮ ಕಣ್ಣಾರೆ ಕಂಡಿದ್ದರು. ಆ ಹುಡುಗಿ ಇದೇ ಮಿಯಾಪುರದಲ್ಲಿದ್ದಾಳೆ ಎಂದು ಗೊತ್ತಾದ ಕೂಡಲೇ ಗಂಡನನ್ನು ಕರೆತಂದರು. ಜೊತೆಗೆ ಕಾಗದದಲ್ಲಿ ಕಟ್ಟಿದ ಬೆಲ್ಲ. ಕ್ಲಿನಿಕ್ಕಿನ ನೆಲದ ಮೇಲೆ ಬೂದೆಪ್ಪ ಹೇಳಿಸಿಕೊಳ್ಳದೆಯೇ ಬೋರಲು ಮಲಗಿ ಕಾದರು.

ಸುಮಂಗಲಾ ಒದೆಯಲಿಲ್ಲ. ಒದೆ ಏಕೆ ಅಪಾಯ ಎಂದು ಹೇಳಿ, ಎದೆ ಎತ್ತುವ ವ್ಯಾಯಾಮ ಕಲಿಸಿದರು. ಬೂದೆಪ್ಪ ಕ್ಯಾಂಪಿನಲ್ಲಿ ತಗಡಿನ ಶೆಡ್ಡಿನೊಳಗೆ ತಪ್ಪದೆ ಮಾಡಿದರು. ಎರಡನೆಯ ವಾರ ಪಾದದ ಉರಿ ಕಡಿಮೆಯಾಯಿತು. ಮೂರನೆಯ ವಾರ ನೋವು ಸೊಂಟಕ್ಕೆ ಏರಿ ಕೂತಿತು. ಡಾಕ್ಟರಬಾಯಿ ಕಾಲಿನ ರೋಗವನ್ನು ಟೊಂಕಕ್ಕೆ ಹತ್ತಿಸಿದಳು ಎಂದು ಅವರು ತೀರ್ಮಾನಿಸಿದರು. ಶಂಶಾಬಾದ್‌ನಲ್ಲಿ ಹೊಸ ವಿಮಾನ ನಿಲ್ದಾಣದ ಕೆಲಸಕ್ಕೆ ಬಂದವರ ನಡುವೆ ಕಾಲು ಮುಂದಾಗಿ ಹುಟ್ಟಿದ ಗಂಡಾಳೊಬ್ಬನಿದ್ದಾನೆ ಎಂದು ಯಾರೋ ಹೇಳಿದ್ದರು. ಅಮಾವಾಸ್ಯೆಗೆ ಬಸ್ಸು ಹತ್ತಿ ಹೋದರು. ಆ ಮನುಷ್ಯ ಕಲ್ಲು ಹೊರುವ ಆಳು. ಮೂರು ಸಲ, ಮನಸ್ಸಿಟ್ಟು ಒದ್ದ.

ಹೋಗುವಾಗ ನಡೆದು ಹೋದ ಬೂದೆಪ್ಪನನ್ನು ಬರುವಾಗ ಇಬ್ಬರು ಹಿಡಿದು ತಂದರು. ಮಾರನೆಯ ದಿನ ಸುಮಂಗಲಾ ಕ್ಯಾಂಪಿಗೇ ಹೋಗಿ ನೋಡಿದಾಗ ಎಡಗಾಲಿನ ಹೆಬ್ಬೆರಳು ಅಲುಗಲಿಲ್ಲ. ನಡೆಸಿ ನೋಡಿದರೆ ಪಾದ ನೆಲಕ್ಕೆ ಪಟ್ ಎಂದು ಬೀಳುತ್ತಿತ್ತು. ಒಂದು ಹೆಜ್ಜೆ ಮೆಲ್ಲಗೆ, ಒಂದು ಹೆಜ್ಜೆ ಪಟ್. ಮೂತ್ರ ಹಿಡಿತದಲ್ಲಿದೆಯೇ ಎಂದು ಅವರು ಮೊದಲು ಕೇಳಿದರು. ಅದು ತಪ್ಪಿದ್ದರೆ ಆ ಕ್ಷಣವೇ ಆಪರೇಶನ್ ಕೋಣೆಗೆ ಒಯ್ಯಬೇಕಿತ್ತು. ತಪ್ಪಿರಲಿಲ್ಲ. ಆದರೂ ಅಂದೇ ನರರೋಗ ತಜ್ಞರ ಬಳಿಗೆ ಕರೆದೊಯ್ದರು. ಎಂಟು ವಾರ ಚಿಕಿತ್ಸೆ ಮಾಡಿ ನೋಡೋಣ ಎಂದರು ತಜ್ಞರು. ನಡುವೆ ಬಲ ಇನ್ನೂ ಕುಗ್ಗಿದರೆ ತಕ್ಷಣ, ಎಂಟು ವಾರಕ್ಕೂ ಬೆರಳು ಏಳದಿದ್ದರೆ ಆಗ, ಆಪರೇಶನ್.

ಆಸ್ಪತ್ರೆಯ ಮೆಟ್ಟಿಲ ಮೇಲೆ ಸಾಬಮ್ಮ ಅಳಲಿಲ್ಲ, ಜಗಳಕ್ಕೆ ನಿಂತರು.

"ಸುಮವ್ವ, ಮೊದಲ್ನೇ ದಿನ ನೀ ಒಮ್ಮೆ ಕಾಲು ತಾಕಿಸಿದ್ರ ಇಂವ ಶಂಶಾಬಾದಿಗೆ ಯಾಕ ಹೊಕ್ಕಿದ್ದ? ನಮ್ಮಪ್ಪನ್ನ ಒದ್ದ ಕಾಲಿಗೆ ನನ್ನ ಗಂಡ ಭಾರ ಆದ್ನೇನು?"

ಆ ಮಾತನ್ನು ಸುಮಂಗಲಾ ಹಲವು ದಿನ ಯೋಚಿಸಿದರು. ಒದೆ ಕೊಡುವುದು ತಪ್ಪು ಎಂಬುದರಲ್ಲಿ ಅವರಿಗೆ ಇಂದಿಗೂ ಸಂಶಯವಿಲ್ಲ. ಆದರೆ ಆ ಮನುಷ್ಯ ಬೆಲ್ಲ ಹಿಡಿದು ಬಂದದ್ದು ಒದೆಗೆ ಮಾತ್ರವೇ? ನಂಬಿಕೆಯನ್ನು ಬಾಗಿಲಲ್ಲೇ ಬಿಟ್ಟು ಬಾ ಎಂದರೆ ಅವನು ಆ ನಂಬಿಕೆ ಒಪ್ಪುವ ಇನ್ನೊಂದು ಬಾಗಿಲಿಗೆ ಹೋಗುತ್ತಾನೆ. ಅವರು ಒಂದು ಒಪ್ಪಂದಕ್ಕೆ ಬಂದರು. ನರ ಸ್ವಲ್ಪ ತಣ್ಣಗಾದ ಮೇಲೆ ಬೂದೆಪ್ಪ ಪ್ರತಿ ಸಂಜೆ ಕ್ಲಿನಿಕ್ಕಿಗೆ ಬರಬೇಕು. ತಮ್ಮ ಕಣ್ಣೆದುರು ವ್ಯಾಯಾಮ ಮಾಡಬೇಕು. ಅದು ಪೂರ್ತಿಯಾದ ಮೇಲೆ, ಕೊನೆಗೆ, ಸುಮಂಗಲಾ ಎಡಗಾಲನ್ನು ಅವರ ಬೆನ್ನಿನ ಮೇಲೆ ಇಡುತ್ತಾರೆ.

ಇಡುತ್ತಾರೆ ಎಂದರೆ ಇಡುತ್ತಾರೆ ಅಷ್ಟೆ. ಮೇಜಿನ ಅಂಚು ಹಿಡಿದು, ಮೈಭಾರವೆಲ್ಲ ಬಲಗಾಲಿನ ಮೇಲೆ ಬಿಟ್ಟು, ಮಲಗಿದ ಬೆಕ್ಕಿನ ಮೇಲೆ ಕೈಯಿಟ್ಟಂತೆ, ಮೂರು ಸಲ. ಬೂದೆಪ್ಪ ಕಣ್ಣು ಮುಚ್ಚಿಕೊಳ್ಳುತ್ತಾರೆ. ಪಕ್ಕದ ಹಾಸಿಗೆಯಲ್ಲಿದ್ದ ತಾರಾ ಇದನ್ನು ಮೊದಲ ಸಲ ಕಂಡಾಗ ನಕ್ಕರಂತೆ. ಮರುವಾರ, ತಮಗೂ ಒಂದು ಇರಲಿ ಮೇಡಂ ಎಂದು ಮೆಲ್ಲಗೆ ಕೇಳಿದರಂತೆ.

ನೋವು ಎರಡನೆಯ ಸಲ ಸೊಂಟಕ್ಕೆ ಏರಿದಾಗ ಬೂದೆಪ್ಪನ ಮುಖ ಮತ್ತೆ ಕಪ್ಪಿಟ್ಟಿತು. ಈ ಸಲ ಸುಮಂಗಲಾ ಬಿಲ್ಲೆ, ತಿರುಳು ಎನ್ನಲಿಲ್ಲ.

"ಬೂದಣ್ಣ, ಮಾಳಿಗಿ ಮ್ಯಾಲಿನ ಟ್ಯಾಂಕ್ ಸೋರಿದ್ರ ನೀರು ಎಲ್ಲಿತನ ಇಳೀತೈತಿ? ತಳಮನಿ ಗ್ವಾಡಿಗೆ. ಟ್ಯಾಂಕ್ ಸರಿ ಮಾಡಿದ್ರ ಮೊದ್ಲು ಯಾವ್ದು ಒಣಗ್ತೈತಿ? ತಳಮನಿ ಗ್ವಾಡಿ. ಕಡೀಕ ಒಣಗೋದು ಟ್ಯಾಂಕಿನ ಬುಡ. ನಿನ್ನ ಪಾದ ಒಣಗೈತಿ. ಈಗ ಬುಡ ಉಳದೈತಿ."

ಕಟ್ಟಡಗಳಲ್ಲೇ ವರ್ಷಗಳನ್ನು ಕಳೆದ ಬೂದೆಪ್ಪನಿಗೆ ಇದು ಸ್ಪಷ್ಟವಾಯಿತು. ಹಾಗಾದರೆ ಬುಡಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂದಷ್ಟೇ ಕೇಳಿದರು. ಓಡಿಹೋಗಲಿಲ್ಲ. ಆ ಎರಡು ತಿಂಗಳು ಮನೆ ನಡೆಸಿದ್ದು ಸಾಬಮ್ಮನ ಕೂಲಿ. ಬೂದೆಪ್ಪ ಕ್ಯಾಂಪಿನಲ್ಲಿ ರೊಟ್ಟಿ ಬಡಿಯಲು ಕಲಿತರು, ನಿಂತುಕೊಂಡು. ಎತ್ತರದ ಕಟ್ಟೆಯ ಮೇಲೆ ಒಲೆ ಇಡಿಸಿದ್ದು ಸುಮಂಗಲಾ. ರೊಟ್ಟಿ ಸುಮಾರಾಗಿಯೇ ಬರುತ್ತದೆ ಎಂದು ಸಾಬಮ್ಮ ಹೇಳುತ್ತಾರೆ. ಅದು ದೊಡ್ಡ ಹೊಗಳಿಕೆ ಎಂದು ಬೂದೆಪ್ಪ ತಿಳಿದಿದ್ದಾರೆ.

ಭಾನುವಾರ. ಕ್ಲಿನಿಕ್ಕಿಗೆ ರಜೆ, ಬಾಗಿಲು ಮಾತ್ರ ತೆರೆದಿದೆ. ಬೂದೆಪ್ಪ ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ತೊಟ್ಟು ಬಂದಿದ್ದಾರೆ. ಸಾಬಮ್ಮ ಬಾಗಿಲ ಬಳಿ ನಿಂತಿದ್ದಾರೆ, ಒಳಗೆ ಬಂದು ಕೂರಲು ಒಪ್ಪುವುದಿಲ್ಲ. ಸುಮಂಗಲಾ ನೆಲದ ಮೇಲೆ ಕೂತು, ತಂತಿ ಬಿಚ್ಚಿ, ಚಪ್ಪಲಿ ತೆಗೆದು, ಎಡ ಪಾದವನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಹೆಬ್ಬೆರಳಿನ ಮೇಲೆ ತಮ್ಮ ತೋರುಬೆರಳನ್ನು ಅಡ್ಡ ಇಡುತ್ತಾರೆ.

"ಎತ್ತು."

ಬೂದೆಪ್ಪನ ಹಣೆಯಲ್ಲಿ ಗೆರೆ ಮೂಡುತ್ತದೆ. ಮೊದಲು ಬಲಗಾಲಿನ ಬೆರಳು ಏಳುತ್ತದೆ. ಅದನ್ನಲ್ಲ ಎಂದು ಸಾಬಮ್ಮ ಬಾಗಿಲಿಂದ ಗದರುತ್ತಾರೆ. ಆಮೇಲೆ ಎಡದ್ದು. ಮೆಲ್ಲಗೆ ಏಳುತ್ತದೆ, ಸುಮಂಗಲಾರ ಬೆರಳನ್ನು ತಾಗುತ್ತದೆ, ತಳ್ಳುತ್ತದೆ. ಅವರು ಒತ್ತುತ್ತಾರೆ. ಅದು ನಡುಗುತ್ತದೆ, ಆದರೆ ಇಳಿಯುವುದಿಲ್ಲ. ಎರಡನೆಯ ಸಲ, ಮೂರನೆಯ ಸಲ. ಬಲಗಾಲಿನಷ್ಟು ಬಲ ಇನ್ನೂ ಬಂದಿಲ್ಲ. ಹಿಮ್ಮಡಿಗಳ ಮೇಲೆ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆಸುತ್ತಾರೆ. ಪಾದದ ಮುಂಭಾಗ ಕೆಳಗೆ ಬೀಳುವುದಿಲ್ಲ.

ಆಪರೇಶನ್ ಬೇಡವಾಗುತ್ತದೆ ಎಂದು ತಮಗೆ ಅನ್ನಿಸುತ್ತದೆ, ಆದರೂ ನಾಳೆಯೇ ತಜ್ಞರ ಬಳಿ ಹೋಗಿ ಅವರ ಬಾಯಿಂದ ಕೇಳಿಸಿಕೊಳ್ಳಬೇಕು ಎಂದು ಸುಮಂಗಲಾ ಹೇಳುತ್ತಾರೆ. ಅವರೂ ಒಪ್ಪಿದರೆ ಕೆಲಸಕ್ಕೆ. ಸ್ಲ್ಯಾಬಿನ ಮೇಲೆ ಬಾಗಿ ಕಟ್ಟುವ ಕೆಲಸ ಸದ್ಯಕ್ಕಿಲ್ಲ. ಕೆಳಗೆ ಮೇಜಿನ ಎದುರು ನಿಂತು ಸರಳು ಬಗ್ಗಿಸುವ ಕೆಲಸ ಮಾತ್ರ. ಮೇಸ್ತ್ರಿಯ ಜೊತೆ ಅವರು ಈ ಮಾತನ್ನು ಆಗಲೇ ಆಡಿ ಮುಗಿಸಿದ್ದಾರೆ. ಬೂದೆಪ್ಪ ತಂತಿಯನ್ನು ಎತ್ತಿಕೊಂಡು, ನೆಟ್ಟಗೆ ಮಾಡಿ, ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ. ತಂತಿ ಒಳ್ಳೆಯದಿದೆ, ಬಿಸಾಡುವುದೇಕೆ ಎನ್ನುತ್ತಾರೆ. ಆಮೇಲೆ ನೆಲದ ಮೇಲೆ ಬೋರಲು ಮಲಗುತ್ತಾರೆ.

"ಇನ್ಯಾಕೋ? ಆತಲ್ಲ," ಎನ್ನುತ್ತಾರೆ ಸುಮಂಗಲಾ.

"ಇವತ್ತಿಂದು ಇಟ್ಟಿಲ್ರಿ."

ಬಾಗಿಲಲ್ಲಿ ನಿಂತ ಸಾಬಮ್ಮ ಸೆರಗಿನ ಗಂಟು ಬಿಚ್ಚಿ ಬೆಲ್ಲದ ಚೂರು ತೆಗೆಯುತ್ತಾರೆ.

ಬುಧವಾರ ಬೆಳಿಗ್ಗೆ ಅಡ್ಡಾದಲ್ಲಿ ಹೊಸ ಮುಖವೊಂದಿದೆ. ಲಿಂಗಸುಗೂರು ಕಡೆಯ ಹುಲಗೇಶ, ಇಟ್ಟಿಗೆ ಹೊರುವವನು, ಸೊಂಟ ಓರೆ ಮಾಡಿ ನಿಂತಿದ್ದಾನೆ. ಅವನಿಗೆ ಧೈರ್ಯ ಹೇಳುತ್ತಿರುವುದು ಬೂದೆಪ್ಪ. ತಜ್ಞರು ಒಪ್ಪಿದ್ದಾರೆ, ಇಂದು ಅವರ ಕೆಲಸದ ಮೊದಲ ದಿನ. ಟ್ಯಾಂಕು, ತಳಮನೆ, ಗೋಡೆ ಎಲ್ಲವನ್ನೂ ಅವರು ಸರಿಯಾಗಿಯೇ ವಿವರಿಸುತ್ತಾರೆ. ನೋವು ಮೇಲೇರಿದರೆ ಹೆದರಿ ಓಡಬಾರದು ಎಂದೂ ಹೇಳುತ್ತಾರೆ. ಕೊನೆಗೆ ದನಿ ತಗ್ಗಿಸುತ್ತಾರೆ.

"ಇವೆಲ್ಲಾ ಮಾಡಸ್ತಾರ, ಮಾಡು. ಖರೇ ಹೇಳ್ಬೇಕಂದ್ರ ಹೋಗೂದು ಅವ್ರ ಕಾಲಿನಿಂದ."

ಮೂರು ಹೆಜ್ಜೆ ಆಚೆ ನಿಂತ ಸುಮಂಗಲಾರಿಗೆ ಇದು ಕೇಳಿಸುತ್ತದೆ. ತಿದ್ದುವುದಿಲ್ಲ. ನಾಲ್ಕೂವರೆ ವರ್ಷ ಓದಿದ್ದು, ಹೆಬ್ಬೆರಳು ಊದುವಷ್ಟು ದುಡಿದದ್ದು ಎಲ್ಲ ಒಂದು ಎಡಗಾಲಿನ ಖಾತೆಗೆ ಹೋಯಿತಲ್ಲ, ಬೇಸರವಿಲ್ಲವೇ ಎಂದರೆ ನಗುತ್ತಾರೆ.

"ಕಾಲಿನಿಂದ ಹೋತು ಅಂತನ ಹೇಳ್ಲಿ ಬಿಡ್ರಿ. ಆ ಮಾತಿಗೆ ಇನ್ನೊಬ್ಬಾಂವ ಬರ್ತಾನ. ಬಂದ ಮ್ಯಾಗ ಕೈಯಿಂದ ಏನು ಮಾಡೂದೈತೋ ಮಾಡ್ತೀನಿ."

ಅವರ ಆಸೆ ದೊಡ್ಡದೇನಲ್ಲ. ಅಡ್ಡಾದಲ್ಲಿ ನಾಲ್ಕು ಮಂದಿ ಬೋರಲು ಮಲಗುವಷ್ಟು ಒಂದು ಕಟ್ಟೆ, ಮೇಲೊಂದು ತಗಡು. ನಿಂತು ಬಾಗುವುದಕ್ಕಿಂತ ಮಲಗಿ ಎದೆ ಎತ್ತುವುದು ಹೆಚ್ಚು ಫಲ ಕೊಡುತ್ತದೆ, ಆದರೆ ರಸ್ತೆಯ ದೂಳಿನಲ್ಲಿ ಯಾರನ್ನು ಮಲಗಿಸುವುದು? ಬೂದೆಪ್ಪ ಮತ್ತು ಜೊತೆಯವರು, ಸೈಟಿನಲ್ಲಿ ಒಡೆದು ಉಳಿದ ಇಟ್ಟಿಗೆ ತಂದು ಒಂದು ಭಾನುವಾರ ಕಟ್ಟಿಕೊಡುತ್ತೇವೆ ಎಂದಿದ್ದಾರೆ. ನಗರಪಾಲಿಕೆಯವರು ಬಂದು ಕೆಡವದಿದ್ದರೆ ಸಾಕು ಎನ್ನುತ್ತಾರೆ ನರಹರಿ, ಫ್ಲಾಸ್ಕಿನ ಮುಚ್ಚಳದಲ್ಲಿ ಹೆಂಡತಿಗೆ ಚಹ ಸುರಿಯುತ್ತ.

ಟೆಂಪೊ ಬರುತ್ತದೆ. ಮೇಸ್ತ್ರಿ ಹಾರ್ನ್ ಹೊಡೆಯುತ್ತಾನೆ. ಜನ ಡಬ್ಬಿ, ಸಲಿಕೆ ಎತ್ತಿಕೊಂಡು ಓಡುತ್ತಾರೆ. ಬೂದೆಪ್ಪ ಓಡುವುದಿಲ್ಲ, ಓಡಬಾರದೆಂದು ಹೇಳಲಾಗಿದೆ. ಬುತ್ತಿ ಹಿಡಿದು ಎಲ್ಲರ ಹಿಂದೆ ನಡೆಯುತ್ತಾರೆ. ಸುಮಂಗಲಾ ಅತ್ತ ನೋಡುತ್ತಿಲ್ಲ. ಹುಲಗೇಶನ ಬೆನ್ನ ಮೇಲೆ ಕೈಯಿಟ್ಟು, ಎಲ್ಲಿ ನೋವು, ಎಲ್ಲಿಯವರೆಗೆ ಇಳಿಯುತ್ತದೆ ಎಂದು ಕೇಳುತ್ತಿದ್ದಾರೆ. ಕೇಳುತ್ತಿದ್ದವರು ನಡುವೆ ಮಾತು ನಿಲ್ಲಿಸಿ, ತಲೆ ಸ್ವಲ್ಪ ವಾಲಿಸುತ್ತಾರೆ. ಎಲ್ಲರ ಹಿಂದೆ ಟೆಂಪೊದತ್ತ ಹೋಗುತ್ತಿರುವ ಬೂದೆಪ್ಪನ ಹವಾಯಿ ಚಪ್ಪಲಿಗಳ ಸದ್ದು ಕೇಳುತ್ತಿದೆ.

"ಕೇಳ್ರಿ," ಎನ್ನುತ್ತಾರೆ. "ಎರಡೂ ಒಂದ ಸಮ ಬೀಳಾಕತ್ತಾವ."